ಡ್ಯಾನಿ ಹೀಲಿ-ರೇ ಮಾತನ್ನು ಪೂರ್ತಿ ಕೇಳಿ, ಆಮೇಲೆ ನಗಿ

ಐರ್ಲೆಂಡಿನ ಸಂಸತ್ತಿನಲ್ಲಿ ಡ್ಯಾನಿ ಹೀಲಿ-ರೇ ಮಾತಾಡಲು ಎದ್ದರೆ ಸಾಕು, ಯಾರೋ ಒಬ್ಬರು ಅರ್ಧ ನಿಮಿಷದ ತುಣುಕು ಕತ್ತರಿಸಿ ಹರಿಬಿಡುತ್ತಾರೆ. ಕೆಳಗೆ ನಗುವ ಮುಖಗಳ ಸಾಲು, ಜೊತೆಗೆ "ಯಾರಾದ್ರೂ ಸಬ್‌ಟೈಟಲ್ ಹಾಕ್ರಪ್ಪಾ" ಅನ್ನುವ ಹಳಸಲು ಜೋಕು. ಅದು ನಮ್ಮ ಕನ್ನಡದ ವಾಟ್ಸಾಪ್ ಗುಂಪಿಗೂ ಬರುತ್ತದೆ. ಅವರ ಕ್ಷೇತ್ರವಾದ ಕೆರಿ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಿದ್ದಂತೆ) ಇರುವವನು ಗುಂಪಿನಲ್ಲಿ ನಾನೊಬ್ಬನೇ ಆದ್ದರಿಂದ "ನಿಮ್ಮ ಎಂಎಲ್‌ಎ ನೋಡಿ ಸಾರ್" ಅಂತ ಎಲ್ಲರೂ ನನ್ನನ್ನೇ ಟ್ಯಾಗ್ ಮಾಡುತ್ತಾರೆ.

ಅವರಿಗೆ ನಾನು ಓಟು ಹಾಕಿದವನಲ್ಲ, ಹಾಕಲು ಬರುವುದೂ ಇಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರಿಗೆ ಇಲ್ಲಿ ಸ್ಥಳೀಯ ಚುನಾವಣೆಯಲ್ಲಿ ಮತವಿದೆ, ಸಂಸತ್ತಿನ ಚುನಾವಣೆಯಲ್ಲಿ ಇಲ್ಲ. ಅಂದರೆ ಕೌಂಟಿ ಕೌನ್ಸಿಲಿನಲ್ಲಿರುವ ಅವರ ಮಗಳಿಗೆ ನಾನು ಮತ ಹಾಕಬಹುದು, ಅಪ್ಪನಿಗೆ ಆಗದು. ಅವರ ಮಗ, ತಮ್ಮನ ಮಗ ಕೂಡ ಅದೇ ಕೌನ್ಸಿಲಿನಲ್ಲಿದ್ದಾರೆ ಅಂದರೆ ಈ ಮನೆತನದ ಹಿಡಿತ ಎಂಥದ್ದೆಂದು ನಿಮಗೆ ಗೊತ್ತಾಗುತ್ತದೆ. ಕುಟುಂಬ ರಾಜಕಾರಣದ ಬಗ್ಗೆ ನಮಗೆ ಯಾರೂ ಪಾಠ ಹೇಳಬೇಕಿಲ್ಲ ಬಿಡಿ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಕಿಲ್‌ಗಾರ್ವನ್ ಅನ್ನುವುದು ಕೆರಿಯ ದಕ್ಷಿಣದಲ್ಲಿರುವ ಒಂದು ಸಣ್ಣ ಹಳ್ಳಿ. ಅಲ್ಲಿನ ಜಾಕಿ ಹೀಲಿ-ರೇ 1997ರಲ್ಲಿ ಫಿಯನಾ ಫಾಯ್ಲ್ ಪಕ್ಷ ಟಿಕೆಟ್ ಕೊಡದಿದ್ದಾಗ ಪಕ್ಷೇತರರಾಗಿ ನಿಂತು ಗೆದ್ದರು. ಬರ್ಟಿ ಅಹರ್ನ್ ಅವರ ಅಲ್ಪಮತದ ಸರ್ಕಾರ ನಿಂತಿದ್ದೇ ಇಂಥ ಬೆರಳೆಣಿಕೆಯ ಪಕ್ಷೇತರರ ಬೆಂಬಲದ ಮೇಲೆ. ಬೆಂಬಲಕ್ಕೆ ಪ್ರತಿಯಾಗಿ ಜಾಕಿ ತಮ್ಮ ಕ್ಷೇತ್ರಕ್ಕೆ ರಸ್ತೆ, ಕಾಮಗಾರಿ, ಅನುದಾನ ತಂದರು. "ಸಾಮಾನ್ಯ ಜನ ಅಂದರೆ ಯಾರು" ಅಂತ ಕೇಳಿದ್ದಕ್ಕೆ "ನಡುಮಧ್ಯಾಹ್ನ ಊಟ ಮಾಡುವವರು" ಅಂದವರು ಅವರೇ. ದಿನದ ದೊಡ್ಡ ಊಟವನ್ನು ರೈತಾಪಿ ಜನ ಮಧ್ಯಾಹ್ನ ಮುಗಿಸುತ್ತಾರೆ, ಆಫೀಸಿನವರು ರಾತ್ರಿ ಮಾಡುತ್ತಾರೆ. ನಗರದವರು ಯಾರು, ನಮ್ಮವರು ಯಾರು ಅನ್ನುವುದನ್ನು ಊಟದ ಹೊತ್ತಿನಲ್ಲೇ ತೀರ್ಮಾನಿಸಿಬಿಟ್ಟರು ಜಾಕಿ. 2011ರಲ್ಲಿ ಮಗ ಮೈಕಲ್ ಗೆದ್ದರು. 2016ರಲ್ಲಿ ಅಣ್ಣ ಡ್ಯಾನಿ ನಾಮಪತ್ರದ ಕಡೇ ಗಳಿಗೆಯಲ್ಲಿ ಕಣಕ್ಕಿಳಿದರು. ಐದು ಸೀಟಿನ ಕೆರಿಯಲ್ಲಿ ಎರಡು ಸೀಟು ಒಂದೇ ಮನೆಗೆ ಹೋಯಿತು.

ಹಾಗಂತ ಇವರನ್ನು ಬಡರೈತರೆಂದುಕೊಳ್ಳಬೇಡಿ. ಡ್ಯಾನಿಗೆ ಊರಲ್ಲಿ ಪಬ್ ಇದೆ, ಜೆಸಿಬಿಯಂಥ ಯಂತ್ರಗಳನ್ನು ಬಾಡಿಗೆಗೆ ಬಿಡುವ ವ್ಯವಹಾರವಿದೆ. ಮೈಕಲ್ ಅವರ ಆಸ್ತಿ ವಿವರದಲ್ಲಿ ಮನೆಗಳ ಪಟ್ಟಿ ಎಷ್ಟು ಉದ್ದ ಅಂದರೆ ಅದೇ ಪ್ರತಿವರ್ಷದ ಸುದ್ದಿ.

ಡ್ಯಾನಿಗೆ ಮೊದಲು ದೊಡ್ಡ ಹೆಸರು ತಂದದ್ದು ಕುಡಿತದ ವಿಷಯ. 2013ರ ಜನವರಿಯಲ್ಲಿ, ಆಗಿನ್ನೂ ಕೌನ್ಸಿಲರ್ ಆಗಿದ್ದಾಗ, ಒಂದು ಗೊತ್ತುವಳಿ ಮಂಡಿಸಿದರು: ದೂರದ ಹಳ್ಳಿಗಳ ಜನ ಎರಡು ಮೂರು ಗ್ಲಾಸ್ ಕುಡಿದು ಸಣ್ಣ ರಸ್ತೆಯಲ್ಲಿ ನಿಧಾನವಾಗಿ ಮನೆಗೆ ಗಾಡಿ ಓಡಿಸಿಕೊಂಡು ಹೋಗಲು ಪೊಲೀಸರು ಪರ್ಮಿಟ್ ಕೊಡಬೇಕು. ಹೆಚ್ಚಿನವರು ಗೈರುಹಾಜರಾಗಿದ್ದ ಅಥವಾ ತಟಸ್ಥರಾಗಿದ್ದ ಸಭೆಯಲ್ಲಿ ಅದು 5-3ರಲ್ಲಿ ಪಾಸಾಯಿತು. ಜಗತ್ತೆಲ್ಲ ನಕ್ಕಿತು, ನ್ಯಾಯ ಸಚಿವರು ತಳ್ಳಿಹಾಕಿದರು. ಪಬ್ಬಿನ ಮಾಲೀಕನೇ ಇಂಥ ಬೇಡಿಕೆ ಇಟ್ಟರೆ ನಗದೆ ಇರುವವರು ಯಾರು?

ಐದು ವರ್ಷದ ನಂತರ ಅದೇ ವಾದ ಸಂಸತ್ತಿಗೆ ಬಂತು. ಸಾರಿಗೆ ಸಚಿವ ಶೇನ್ ರಾಸ್ ರಸ್ತೆ ಸಂಚಾರ ತಿದ್ದುಪಡಿ ಮಸೂದೆ ತಂದಿದ್ದರು. ಅಲ್ಲಿಯವರೆಗೆ ನೂರು ಮಿಲಿಲೀಟರ್ ರಕ್ತದಲ್ಲಿ 50ರಿಂದ 80 ಮಿಲಿಗ್ರಾಂ ಮದ್ಯ ಸಿಕ್ಕಿ ಮೊದಲ ಸಲ ಸಿಕ್ಕಿಬಿದ್ದವರು ದಂಡ ಕಟ್ಟಿ, ಲೈಸೆನ್ಸಿನ ಮೇಲೆ ಮೂರು ಪೆನಾಲ್ಟಿ ಪಾಯಿಂಟ್ ಹಾಕಿಸಿಕೊಂಡು ಪಾರಾಗುತ್ತಿದ್ದರು. ಹೊಸ ಕಾಯ್ದೆಯಲ್ಲಿ ನೇರ ಮೂರು ತಿಂಗಳು ಲೈಸೆನ್ಸ್ ರದ್ದು. ಸಣ್ಣ ಮಸೂದೆ, ಆದರೆ ಹೀಲಿ-ರೇ ಸಹೋದರರೂ ಇತರ ಗ್ರಾಮೀಣ ಪಕ್ಷೇತರರೂ ಅದನ್ನು ತಿಂಗಳುಗಟ್ಟಲೆ ಎಳೆದರು. 2018ರ ಜುಲೈನಲ್ಲಿ ಅಂಗೀಕಾರವಾಯಿತು, ಅಕ್ಟೋಬರಿನಲ್ಲಿ ಜಾರಿಗೆ ಬಂತು.

ಕಾಯ್ದೆ ಸರಿ ಅನ್ನುವವನು ನಾನು. ಕುಡಿದವನ ಕಾರಿನಡಿ ಸತ್ತವರ ಮನೆಯವರೂ ಹಳ್ಳಿಯವರೇ, ಅವರನ್ನು ಈ ಭಾಷಣಗಳಲ್ಲಿ ಹುಡುಕಬೇಕು. ಆದರೂ ಡ್ಯಾನಿಯ ಮಾತುಗಳನ್ನು ಕ್ಲಿಪ್ ಬಿಟ್ಟು ಪೂರ್ತಿ ಓದಿದರೆ ಅಲ್ಲಿ ಸಿಗುವುದು ಬೇರೆಯೇ ಚಿತ್ರ: ಹೆಂಡತಿ ತೀರಿಕೊಂಡ ಮುದುಕ, ಮಕ್ಕಳು ಪರದೇಶದಲ್ಲಿ, ವಾರಕ್ಕೊಮ್ಮೆ ಪಬ್ಬಿಗೆ ಹೋಗಿ ನಾಲ್ಕು ಜನರ ಮುಖ ನೋಡುವುದೇ ಅವನ ಲೋಕ. ಬಸ್ಸಿಲ್ಲ, ಟ್ಯಾಕ್ಸಿ ಇಲ್ಲ, ನಡೆಯಲು ಫುಟ್‌ಪಾತ್ ಇಲ್ಲ, ದೀಪವಿಲ್ಲ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಚಳಿಗಾಲದಲ್ಲಿ ಇಲ್ಲಿ ಸಂಜೆ ಐದಕ್ಕೇ ಕತ್ತಲು. ಈ ಕಡೆಯ ಒಳರಸ್ತೆಗಳು ಒಂದು ಕಾರಿನಷ್ಟೇ ಅಗಲ, ನಡುವೆ ಹುಲ್ಲು ಬೆಳೆದಿರುತ್ತದೆ, ಎರಡೂ ಕಡೆಯ ಮುಳ್ಳುಬೇಲಿ ಕನ್ನಡಿಯನ್ನು ಗೀರುತ್ತಿರುತ್ತದೆ. ಎದುರಿಗೆ ಟ್ರಾಕ್ಟರ್ ಬಂದರೆ ಯಾರಾದರೊಬ್ಬರು ರಿವರ್ಸ್ ಹೋಗಲೇಬೇಕು. ಇಂಥ ರಸ್ತೆಯ ಕೊನೆಯ ಮನೆಯಲ್ಲಿರುವ ಎಪ್ಪತ್ತೈದರ ಮನುಷ್ಯನ ಬಗ್ಗೆ ಸದನದಲ್ಲಿ ಇನ್ನು ಯಾರು ಮಾತಾಡಿದರು?

ಅವನಿಗೆ ಬೇಕಾದದ್ದು ಬಸ್ಸು, ಡ್ಯಾನಿ ಕೇಳಿದ್ದು ಪರ್ಮಿಟ್ಟು. ನನ್ನ ತಕರಾರು ಇಷ್ಟೇ. ಬಸ್ಸೂ ಬಂತು ಅನ್ನಿ. ಆ ಗದ್ದಲದ ನಡುವೆಯೇ 2018ರಲ್ಲಿ ಸರ್ಕಾರ ಹಳ್ಳಿಗಳಿಗೆ ಲೋಕಲ್ ಲಿಂಕ್ ಬಸ್ಸುಗಳನ್ನು ಸಂಜೆ ಹೊತ್ತು ಪ್ರಾಯೋಗಿಕವಾಗಿ ಓಡಿಸಲು ಹೊರಟಿತು. ಪತ್ರಿಕೆಗಳು ಅದಕ್ಕೆ 'ಡ್ರಿಂಕ್ ಲಿಂಕ್' ಅಂತ ಅಡ್ಡಹೆಸರಿಟ್ಟು ಮತ್ತೆ ನಕ್ಕವು. ಹಳ್ಳಿಗೆ ಏಳು ಗಂಟೆಯ ಬಸ್ಸು ಬಂದರೂ ನಗು, ಬರದಿದ್ದರೂ ನಗು.

ಇದಕ್ಕಿಂತ ನನಗೆ ಮೆಚ್ಚುಗೆಯಾದದ್ದು ಕಣ್ಣಿನ ಪೊರೆಯ ವಿಷಯ. ಕಾರ್ಕ್ ಮತ್ತು ಕೆರಿಯ ವಯಸ್ಸಾದವರು ಸರ್ಕಾರಿ ಆಸ್ಪತ್ರೆಯ ಪಟ್ಟಿಯಲ್ಲಿ ವರ್ಷಗಟ್ಟಲೆ ಕಾಯುತ್ತಿದ್ದರು. ಸದನದಲ್ಲಿ ಎಷ್ಟು ಕೂಗಿದರೂ ಪಟ್ಟಿ ಕರಗಲಿಲ್ಲ. 2017ರ ಡಿಸೆಂಬರಿನಲ್ಲಿ ಡ್ಯಾನಿ ಮತ್ತು ಕಾರ್ಕ್ ನೈಋತ್ಯದ ಪಕ್ಷೇತರ ಮೈಕಲ್ ಕಾಲಿನ್ಸ್ ಸೇರಿ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿಗೆ ಬಸ್ ಹೊರಡಿಸಿದರು. 'ಬೆಲ್‌ಫಾಸ್ಟ್ ಇಲ್ಲವೇ ಕುರುಡು' ಅಂತಲೇ ಅದು ಹೆಸರಾಯಿತು. ಆಗಿನ ಯುರೋಪಿಯನ್ ಒಕ್ಕೂಟದ ಒಂದು ನಿಯಮದ ಪ್ರಕಾರ ಅಲ್ಲಿ ಗಡಿಯಾಚೆ ಚಿಕಿತ್ಸೆ ಮಾಡಿಸಿಕೊಂಡರೆ ಖರ್ಚನ್ನು ಇಲ್ಲಿನ ಆರೋಗ್ಯ ಇಲಾಖೆ ಹಿಂದಿರುಗಿಸಬೇಕಿತ್ತು. ಮೊದಲು ಕೈಯಿಂದ ಕಟ್ಟಬೇಕಿತ್ತು, ಆಮೇಲೆ ವಾಪಸ್ ಬರುತ್ತಿತ್ತು. ಕೈಯಲ್ಲಿಲ್ಲದವರು ಕ್ರೆಡಿಟ್ ಯೂನಿಯನ್ ಅನ್ನುವ ಸಹಕಾರಿ ಸಂಘದಲ್ಲಿ ಸಾಲ ತೆಗೆದರು. ದ್ವೀಪದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಇಡೀ ದಿನ ಬಸ್ಸಿನಲ್ಲಿ ಕೂತು, ಅಲ್ಲೇ ತಂಗಿ, ಒಂದು ಕಣ್ಣು ಸರಿಮಾಡಿಸಿಕೊಂಡು ಮರಳುವುದು. ಇನ್ನೊಂದು ಕಣ್ಣಿಗೆ ಇನ್ನೊಂದು ಪ್ರಯಾಣ.

ಆ ಬಸ್ಸಿನಿಂದ ಇಳಿದು ಬಂದ ಮೇಲೆ ಸದನದಲ್ಲಿ ಆರೋಗ್ಯ ಸಚಿವರಿಗೆ ಪ್ರಶ್ನೆ ಹಾಕಿದರೆ ಆ ಪ್ರಶ್ನೆಯ ತೂಕವೇ ಬೇರೆ. ಅಂಕಿಅಂಶ ಹಿಡಿದು ಸಚಿವರು ಜಾರಿಕೊಳ್ಳಬಹುದು, ಆದರೆ ಕಿಲ್‌ಗಾರ್ವನ್ನಿನವರು ಬೆಲ್‌ಫಾಸ್ಟಿಗೆ ಹೋಗಿ ಕಣ್ಣು ತೆರೆಸಿಕೊಂಡು ಬಂದರು ಅನ್ನುವುದಕ್ಕೆ ಉತ್ತರವಿಲ್ಲ.

ಇನ್ನು ಹವಾಮಾನ. 2016ರ ಮೇ ತಿಂಗಳಲ್ಲಿ, ಸಂಸತ್ತಿಗೆ ಬಂದ ಹೊಸದರಲ್ಲೇ, ಹವಾಮಾನ ಮೇಲಿರುವ ದೇವರ ಕೈಯಲ್ಲಿದೆ, ನಾವಿಲ್ಲಿ ಕೂತು ಏನೂ ಮಾಡಲಾಗದು ಅಂದುಬಿಟ್ಟರು. ಇದನ್ನು ಸಮರ್ಥಿಸಲು ನನ್ನಲ್ಲಿ ಏನೂ ಇಲ್ಲ. 2018ರಲ್ಲಿ ಚಳಿಗಾಲ ಮುಗಿಯದೆ ಹುಲ್ಲು ಚಿಗುರದೆ ದನಗಳಿಗೆ ಮೇವಿಲ್ಲದಂತಾಯಿತು. ಹೊರದೇಶದಿಂದ ಮೇವು ತರಿಸಲು ಸರ್ಕಾರವೇ ದುಡ್ಡು ಹಾಕಬೇಕಾಯಿತು. ಅದಾದ ಬೆನ್ನಿಗೇ ಬೇಸಿಗೆಯಲ್ಲಿ ಬರ. ಮಳೆ ಬಿಸಿಲು ಕೈಕೊಟ್ಟಾಗ ಗ್ರಾಮೀಣ ಶಾಸಕರೆಲ್ಲ ಕೈಚಾಚುವುದು ಸಚಿವರ ಮುಂದೆ, ಇಗರ್ಜಿಯ ಮುಂದೆ ಅಲ್ಲ. ಹಾಗಿರುವಾಗ ಹೊಣೆ ಹೊರುವ ಮಾತು ಬಂದಾಗ ಮಾತ್ರ ದೇವರನ್ನು ತೋರಿಸುವುದು ನನ್ನ ಮಟ್ಟಿಗೆ ಜಾಣತನ, ಭಕ್ತಿಯಲ್ಲ.

2017ರಲ್ಲಿ ಇನ್ನೊಂದು ನಗು. ಕಿಲಾರ್ನಿಯಿಂದ ಕಾರ್ಕಿಗೆ ಹೋಗುವ ಎನ್22 ರಸ್ತೆ ಒಂದೆಡೆ ರಿಪೇರಿ ಮಾಡಿದರೂ ಮತ್ತೆ ಕುಸಿದದ್ದಕ್ಕೆ ಅಲ್ಲಿನ ಯಕ್ಷಿಣಿಯರೇ ಕಾರಣವಿರಬೇಕು ಅಂದರು. ಯಕ್ಷಿಣಿಯರ ಕೋಟೆ ಅಂತ ಜನ ನಂಬುವ ಪ್ರಾಚೀನ ಮಣ್ಣಿನ ದಿಬ್ಬಗಳಿಗೆ ಯಂತ್ರ ಹಚ್ಚುವ ಬದಲು ಉಪವಾಸ ಬೀಳುತ್ತೇನೆ ಅಂತಲೂ ಸೇರಿಸಿದರು. ನಮ್ಮ ಕರಾವಳಿಯಲ್ಲಿ ನಾಗಬನಕ್ಕೆ ಕೈಹಚ್ಚಲು ಹಿಂಜರಿಯುವ ಕಂಟ್ರಾಕ್ಟರನ್ನು ನೋಡಿದವನಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಆ ಭಯದಿಂದಲೇ ಎಷ್ಟೋ ದಿಬ್ಬ ಉಳಿದಿವೆ, ಪುರಾತತ್ವದವರು ಇಂಥ ಭಯಕ್ಕೆ ಋಣಿಗಳಾಗಿರಬೇಕು!

ನಕ್ಕು ಕಳೆದುಕೊಂಡ ಮಾತಿಗೆ ನನ್ನ ಕಣ್ಣೆದುರಿನ ಸಾಕ್ಷಿ ರೋಡೋಡೆಂಡ್ರನ್. ತಮ್ಮ ಮೈಕಲ್ 2016ರಲ್ಲಿ, ಕಿಲಾರ್ನಿ ರಾಷ್ಟ್ರೀಯ ಉದ್ಯಾನಕ್ಕೆ ಹಬ್ಬಿದ ಈ ಗಿಡ ತೆಗೆಯಲು ಸೈನ್ಯವನ್ನೇ ಕರೆಸಬೇಕು ಅಂದಾಗ ಊರೆಲ್ಲ ನಕ್ಕಿತ್ತು. ಮೇ-ಜೂನಿನಲ್ಲಿ ಇಲ್ಲಿಗೆ ಬಂದು ನೋಡಿ. ಗುಡ್ಡದ ತುಂಬ ನೇರಳೆ ಹೂವು, ಪ್ರವಾಸಿಗರು ಸೆಲ್ಫಿ ತೆಗೆದುಕೊಳ್ಳುತ್ತಿರುತ್ತಾರೆ. ಆ ಪೊದೆ ಸರಿಸಿ ಒಳಗೆ ಬಗ್ಗಿದರೆ ಹಾಡುಹಗಲೇ ಕತ್ತಲು, ನೆಲದಲ್ಲಿ ಒಣ ಎಲೆ ಬಿಟ್ಟು ಬೇರೇನಿಲ್ಲ. ಒಂದೇ ಒಂದು ಓಕ್ ಸಸಿ ಏಳುವುದಿಲ್ಲ. ಹಳೆಯ ಮರಗಳು ಬಿದ್ದರೆ ಆ ಜಾಗ ತುಂಬಲು ಮರಿಗಳೇ ಇಲ್ಲದ ಕಾಡು ಅದು. ಪರಿಸರವಾದಿಗಳೂ ಇದನ್ನೇ ಹೇಳುತ್ತಾರೆ. ಸದಾ ತಲೆ ಮೇಲೆ ಹಳ್ಳಿಗರ ಟೋಪಿ ಇಟ್ಟುಕೊಂಡಿರುವ ಮೈಕಲ್ ಹೇಳಿದ್ದರಿಂದ ತಮಾಷೆಯಾಯಿತು.

ಈ ಶೈಲಿಯ ಮಾತುಗಾರಿಕೆಗೆ ಇಲ್ಲಿನ ಚುನಾವಣಾ ಪದ್ಧತಿಯೂ ಕಾರಣ. ಒಂದು ಕ್ಷೇತ್ರಕ್ಕೆ ಮೂರರಿಂದ ಐದು ಸೀಟು, ಮತದಾರ ಅಭ್ಯರ್ಥಿಗಳಿಗೆ 1, 2, 3 ಅಂತ ಪ್ರಾಶಸ್ತ್ಯ ಬರೆಯುತ್ತಾನೆ. ಹಾಗಾಗಿ ಸ್ವಪಕ್ಷದವನೂ ಪ್ರತಿಸ್ಪರ್ಧಿಯೇ. ಯಾರು ಫೋನ್ ಎತ್ತಿದರು, ಯಾರು ಸಾವಿನ ಮನೆಗೆ ಬಂದರು, ಯಾರು ಪಿಂಚಣಿ ಅರ್ಜಿ ತುಂಬಿಕೊಟ್ಟರು ಅನ್ನುವುದರ ಮೇಲೆ ಆ ಅಂಕಿ ಬೀಳುತ್ತದೆ. ಮೈಕಲ್ 2016ರಲ್ಲಿ 20 ಸಾವಿರಕ್ಕೂ ಹೆಚ್ಚು ಪ್ರಥಮ ಪ್ರಾಶಸ್ತ್ಯ ಗಳಿಸಿದ್ದು ಹಾಗೆಯೇ. ಡಬ್ಲಿನ್ನಿನ ಸದನದಲ್ಲಿ ಆಡುವ ಮಾತು ಎದುರಿಗಿರುವ ಸಚಿವರಿಗಿಂತ ಮರುದಿನ ಬೆಳಗ್ಗೆ ರೇಡಿಯೋ ಕೇಳುವ ಕೆರಿಯವರಿಗೆ. ಬೇಲಿ ಸವರುವುದು, ಚರಂಡಿ, ಒಳರಸ್ತೆ ಅನುದಾನ, ಮುಚ್ಚುವ ಅಂಚೆ ಕಚೇರಿ. 2018ರಲ್ಲಿ 159 ಅಂಚೆ ಕಚೇರಿ ಮುಚ್ಚುತ್ತೇವೆ ಅಂದಾಗ ಪಿಂಚಣಿ ತರಲು ಎಷ್ಟು ಮೈಲಿ ಹೋಗಬೇಕೆಂಬ ಲೆಕ್ಕ ಇಂಥ ಶಾಸಕರ ಬಾಯಲ್ಲಿತ್ತು. ಸಾಕ್ಷಿ ಹೇಳಲು ಇವರಂಥವರು ಬೇಕೇಬೇಕು. ತೀರ್ಪು ಬರೆಯಲು ಮಾತ್ರ ನಾನು ಇವರ ಕೈಗೆ ಪೆನ್ನು ಕೊಡಲಾರೆ.

ಕೊಟ್ಟಿದ್ದೂ ಆಯಿತು ಅನ್ನಿ. 2025ರ ಜನವರಿ 24ರಂದು ಏಓವಿನ್ ಚಂಡಮಾರುತ ಗಂಟೆಗೆ 180 ಕಿ.ಮೀ. ದಾಟಿದ ಗಾಳಿಯೊಂದಿಗೆ ಅಪ್ಪಳಿಸಿತು. ದೇಶದಲ್ಲಿ 20 ಸಾವಿರ ಹೆಕ್ಟೇರಿಗೂ ಹೆಚ್ಚು ನೆಡುತೋಪಿನ ಮರಗಳು ಉರುಳಿದವು ಅಂತ ಅಂದಾಜು. ಅದೇ ತಿಂಗಳು ಕೃಷಿ ಇಲಾಖೆಯಲ್ಲಿ ಅರಣ್ಯದ ಹೊಣೆ ಹೊತ್ತ ರಾಜ್ಯ ಸಚಿವರಾಗಿ ನೇಮಕವಾದದ್ದು ಮೈಕಲ್ ಹೀಲಿ-ರೇ. ಮರ ಕಳೆದುಕೊಂಡ ರೈತರು ಪರಿಹಾರ ಕೇಳಿಕೊಂಡು ಬಂದದ್ದು ಅವರ ಹತ್ತಿರ. ಅಣ್ಣ ಹೇಳಿದಂತೆ ಗಾಳಿಯನ್ನು ದೇವರೇ ಬೀಸಿಸಿದ್ದರೂ ಕಡತ ಬಂದು ಕೂತದ್ದು ತಮ್ಮನ ಮೇಜಿನ ಮೇಲೆ.