ಬಾಕಿ ಕೂಲಿಗೆ 30 ದಿನದ ಗಡುವು ಸಾಕೇ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡಿ ದುಡ್ಡು ಕಾಣದ ಸಬ್ ಕಾಂಟ್ರಾಕ್ಟರ್ ಆ ಆಸ್ತಿಯ ಮೇಲೇ ಮೆಕ್ಯಾನಿಕ್ಸ್ ಲೀನ್, ಅಂದರೆ ಬಾಕಿ ಹಣಕ್ಕಾಗಿ ಆಸ್ತಿಯ ಮೇಲಿನ ಹಕ್ಕು, ಹಾಕಬಹುದು. ನಮ್ಮ ಕಡೆ ಇಸಿ ತೆಗೆಸಿದಾಗ ಕಾಣುವ ಋಣಭಾರದಂತೆ ಅದು ದಾಖಲೆಯಲ್ಲಿ ಕೂರುತ್ತದೆ. ಇದಕ್ಕೆ ಕಾಮಗಾರಿ ಮುಗಿದ ಮೇಲೆ 90 ದಿನದ ಗಡುವಿದೆ. ಆದರೆ ಮಾಲೀಕ ಕೆಲಸ ಮುಗಿದ 15 ದಿನದೊಳಗೆ ಆಸ್ತಿ ದಾಖಲೆ ಇಡುವ ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ಕೆಲಸ ಮುಗಿಯಿತೆಂಬ ‘ನೋಟಿಸ್ ಆಫ್ ಕಂಪ್ಲೀಷನ್’ ದಾಖಲಿಸಿದರೆ, ದಾಖಲಾದ ದಿನದಿಂದ 30 ದಿನವಷ್ಟೇ ಉಳಿಯುತ್ತದೆ.

ಪರ: 30 ದಿನ ಸಾಕು

ಮಾಲೀಕ ಮುಖ್ಯ ಕಾಂಟ್ರಾಕ್ಟರ್‌ಗೆ ಪೂರ್ತಿ ಹಣ ಕೊಟ್ಟಿದ್ದರೂ, ಪ್ಲಂಬಿಂಗ್‌ನವನಿಗೆ ಅದು ತಲುಪದಿದ್ದರೆ ಲೀನ್ ಬೀಳುವುದು ಮಾಲೀಕನ ಮನೆ ಮೇಲೆ. ಒಂದೇ ಕೆಲಸಕ್ಕೆ ಎರಡು ಸಲ ಕೊಡುವ ಭಯ ಇಟ್ಟುಕೊಂಡು ಅವನು ತಿಂಗಳುಗಟ್ಟಲೆ ಕಾಯಬೇಕೆ? ಮನೆ ಮಾರಲು, ಸಾಲ ಬದಲಿಸಲು ಹೊರಟವನಿಗಂತೂ ದಾಖಲೆ ಬೇಗ ಸ್ಪಷ್ಟವಾಗಬೇಕು.

ಜನ ಮರೆಯುವ ಮಾತೊಂದಿದೆ: ಗಡಿಯಾರ ಶುರುವಾಗುವುದು ಸಬ್ ಕಾಂಟ್ರಾಕ್ಟರ್‌ನ ಕೊನೆಯ ದಿನದಿಂದಲ್ಲ, ಇಡೀ ಕಟ್ಟಡದ ಕೆಲಸ ಮುಗಿದಾಗ. ಜನವರಿಯಲ್ಲಿ ಪಾಯ ಹಾಕಿದವನಿಗೆ ಡಿಸೆಂಬರ್‌ನಲ್ಲಿ ಮುಗಿದ ಮನೆಯ ಮೇಲೂ ಹಕ್ಕಿದೆ. ಅವನು ಮಾಡಬೇಕಾದ್ದು, ತನ್ನ ಕೆಲಸ ಶುರುವಾದ 20 ದಿನದೊಳಗೆ ಪ್ರಿಲಿಮಿನರಿ ನೋಟಿಸ್ (ಇಲ್ಲಿ ನಾನೂ ಕೆಲಸ ಮಾಡುತ್ತಿದ್ದೇನೆ ಎಂದು ಮೊದಲೇ ತಿಳಿಸುವ ಕಾಗದ) ಕಳಿಸಿ ಅಂಚೆ ರಸೀದಿ ಎತ್ತಿಡುವುದು. ತಡವಾಗಿ ಕಳಿಸಿದರೂ ಹಿಂದಿನ 20 ದಿನದ ಕೆಲಸ ಮತ್ತು ಮುಂದಿನದಕ್ಕೆ ರಕ್ಷಣೆ ಸಿಗುತ್ತದೆ. ಅದಕ್ಕೂ ಹಿಂದಿನದು ಹೋಯಿತು. ಲೀನ್ ಕಳೆದುಕೊಳ್ಳುವವರಲ್ಲಿ ಈ ಕಾಗದವನ್ನೇ ಕಳಿಸದವರು ಕಮ್ಮಿಯಿಲ್ಲ. ಅವರಿಗೆ 300 ದಿನ ಕೊಟ್ಟರೂ ಅಷ್ಟೇ.

ವಿರೋಧ: 30 ದಿನ ಬರೀ ಕಾಗದದ ಮೇಲೆ

ಲೆಕ್ಕ ಹಾಕಿ ನೋಡಿ. ಫೆಬ್ರವರಿ 20ಕ್ಕೆ ಕೆಲಸ ಮುಗಿಯಿತು, ಮಾರ್ಚ್ 3ಕ್ಕೆ ನೋಟಿಸ್ ದಾಖಲಾಯಿತು. ಏಪ್ರಿಲ್ 2 ಕೊನೆಯ ದಿನ. ನೋಟಿಸ್ ಇಲ್ಲದಿದ್ದರೆ ಮೇ 21ರವರೆಗೆ ಸಮಯವಿತ್ತು. ಬಿಲ್ ಕೊಟ್ಟ 30 ದಿನಕ್ಕೆ ಪಾವತಿ ಎಂಬ ಕರಾರಿದ್ದರೆ, ಹಣ ಬರಲಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ಗಡುವೇ ತೀರಿರುತ್ತದೆ. ‘ಮುಂದಿನ ವಾರ ಚೆಕ್ ಕಳಿಸ್ತೀನಿ’ ಎಂಬ ಮಾತು ನಂಬಿ ಕೂತವನ ಕಥೆ ಮುಗಿದಂತೆ. ಮುಗಿದ ಕೆಲಸದಲ್ಲಿ ಸೋರುವ ನಲ್ಲಿ ರಿಪೇರಿಗೆ ಮತ್ತೆ ಹೋಗಿಬಂದರೆ ಗಡುವು ಹೊಸದಾಗಿ ಶುರುವಾಗುತ್ತದೆ ಎಂಬುದೂ ಹುಸಿ ನಂಬಿಕೆ.

ಮಾಲೀಕನ ಜೊತೆ ನೇರ ಕರಾರಿರುವ ಮುಖ್ಯ ಕಾಂಟ್ರಾಕ್ಟರ್‌ಗೆ ಅದೇ ನೋಟಿಸ್‌ನಿಂದ 60 ದಿನ. ಮಾಲೀಕನ ಮುಖವನ್ನೂ ನೋಡದ ಟೈಲ್ಸ್‌ನವನಿಗೆ 30. ಇದು ಉಲ್ಟಾ ನ್ಯಾಯ. ಇಷ್ಟಾಗಿ ಲೀನ್ ದಾಖಲಿಸಿದರೆ ಹಣ ಬಂದಂತಲ್ಲ: ದಾಖಲಿಸಿದ 90 ದಿನದೊಳಗೆ ಕೋರ್ಟಿನಲ್ಲಿ ದಾವೆ ಹೂಡದಿದ್ದರೆ ಲೀನ್ ಜಾರಿಗೆ ಬಾರದು. ಲೀನ್ ಅರ್ಜಿ ದಾಖಲಿಸುವಾಗ ಅದರ ಪ್ರತಿಯನ್ನು ಮಾಲೀಕನಿಗೆ ಕಳಿಸಿದ ಪುರಾವೆ ಲಗತ್ತಿಸದಿದ್ದರೂ ಅಷ್ಟೇ ಗತಿ.

ಪ್ರಿಲಿಮಿನರಿ ನೋಟಿಸ್ ಕೊಟ್ಟವರಿಗೆ ಮಾಲೀಕ 10 ದಿನದೊಳಗೆ ದಾಖಲಾತಿಯ ವಿಷಯ ತಿಳಿಸಬೇಕು, ತಿಳಿಸದಿದ್ದರೆ ಗಡುವು ಮತ್ತೆ 90 ದಿನಕ್ಕೆ ಹಿಗ್ಗುತ್ತದೆ ಎಂಬುದು ನಿಜ. ಆದರೆ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಮನೆಗಳ ಕಟ್ಟಡದಲ್ಲಿ ತಾನೇ ವಾಸವಿರುವ ಮಾಲೀಕನಿಗೆ ಈ ನಿಯಮ ಅನ್ವಯಿಸುವುದಿಲ್ಲ. ಸಣ್ಣ ಸಬ್ ಕಾಂಟ್ರಾಕ್ಟರ್‌ಗಳು ದುಡಿಯುವುದು ಇಂಥ ಮನೆಗಳಲ್ಲೇ. ಅಲ್ಲಿ ನೋಟಿಸ್ ದಾಖಲಾಯಿತೇ ಎಂದು ವಾರವಾರ ರೆಕಾರ್ಡರ್ ಕಡತ ಹುಡುಕುವ ಪಾಡು ಅವರದು. ಆ ವಿನಾಯಿತಿ ತೆಗೆದುಹಾಕಿದರೆ ನಮ್ಮ ತಕರಾರಿನಲ್ಲಿ ಅರ್ಧ ಅಲ್ಲೇ ತೀರುತ್ತದೆ.