ಬಿರುದು ರೆಡಿ, ಮುಹೂರ್ತ ಬಾಕಿ

ನಮ್ಮ ಬಸ್ ಸ್ಟಾಪಿನ ನಂಬರ್ ಬೋರ್ಡು ಕಾಣದೆ ಇವತ್ತಿಗೆ ಒಂಬತ್ತು ದಿನ. ಅದರ ಮುಂದೆ ಒಬ್ಬ ಹುಡುಗ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಿಂತಿದ್ದಾನೆ. ಹನ್ನೆರಡು ಅಡಿ ಎತ್ತರ. ಹುಟ್ಟುಹಬ್ಬವಂತೆ. ಕೆಳಗೆ ಶುಭ ಕೋರುವವರ ಇಪ್ಪತ್ತಾರು ಮುಖ. ಸುಮ್ನೆ ನಿಂತು ಎಣಿಸಿದೆ, ಬಸ್ಸು ಹೇಗೂ ಬಂದಿರಲಿಲ್ಲ. ಹೆಸರಿನ ಹಿಂದೆ ಏನೋ ಒಂದು ಸ್ಟಾರ್. ಯಾವ ಸಿನಿಮಾ ಮಾಡಿದ್ದಾನಪ್ಪಾ ಎಂದು ಬೇಕರಿಯವನನ್ನು ಕೇಳಿದೆ. "ಇನ್ನೂ ಮುಹೂರ್ತ ಆಗ್ಬೇಕು ಸಾರ್" ಎಂದ.

ತಪ್ಪೇನಿಲ್ಲ ಬಿಡಿ. ಮೊದಲೇ ಬುಕ್ ಮಾಡಿಕೊಂಡವನೇ ಜಾಣ. ಬಿರುದುಗಳ ಗತಿ ಈಗ ಬೆಂಗಳೂರಿನ ಸೈಟುಗಳ ಗತಿಯೇ. ರೆಬೆಲ್, ಕ್ರೇಜಿ, ರಿಯಲ್, ಪವರ್, ಚಾಲೆಂಜಿಂಗ್, ಗೋಲ್ಡನ್, ರಾಕಿಂಗ್, ಎಲ್ಲವೂ ಅಲಾಟ್ ಆಗಿವೆ. ಈಗ ಬರುವವರಿಗೆ ಉಳಿದಿರುವುದು ರಾಜಕಾಲುವೆ ಮೇಲಿನ ಸೈಟು ಮಾತ್ರ.

ಹಿಂದೆ ಹೀಗಿರಲಿಲ್ಲ ಎಂದು ಗೊಣಗುವ ವಯಸ್ಸು ನನ್ನದು. ಗೊಣಗುತ್ತೇನೆ. ವಿಷ್ಣುವರ್ಧನ್ ನಾಯಕರಾದದ್ದು 1972ರಲ್ಲಿ. ಸಾಹಸಸಿಂಹ ಆದದ್ದು ಅದೇ ಹೆಸರಿನ ಸಿನಿಮಾ ಬಂದ ಮೇಲೆ, 1982ರಲ್ಲಿ. ಹತ್ತು ವರ್ಷ ದುಡಿದ ಮೇಲೆ ಸಿಕ್ಕ ಸಿಂಹ ಅದು. ಶಿವಣ್ಣನ ಮೊದಲ ಮೂರೂ ಸಿನಿಮಾ ಗೆದ್ದವು, ಹ್ಯಾಟ್ರಿಕ್ ಹೀರೋ ಆದರು. ಅದಕ್ಕೊಂದು ಲೆಕ್ಕವಾದರೂ ಇತ್ತು, ಅನುಮಾನ ಇದ್ದವರು ಬೆರಳು ಮಡಚಿ ನೋಡಬಹುದಿತ್ತು. ಇನ್ನು ರಾಜಕುಮಾರ್‌ಗೆ ವರನಟ, ನಟಸಾರ್ವಭೌಮ ಅಂತ ಎಷ್ಟು ಬಿರುದು ಕೊಟ್ಟರೂ ಜನ ಕರೆದದ್ದು ಅಣ್ಣಾವ್ರು ಅಂತಲೇ.

ಈ ವಿಷಯದಲ್ಲಿ ಕ್ರಿಕೆಟಿನವರು ಬಹಳ ಬಡವರು. ಕುಂಬ್ಳೆ ಚೆಂಡು ಜಂಬೋ ಜೆಟ್ ಥರ ಎದ್ದಿತು ಅಂತ ಸಿಧು ಇಟ್ಟ ಹೆಸರು. ಆಮೇಲೆ ಜೆಟ್ ಉದುರಿಹೋಯಿತು, ಜಂಬೋ ಉಳಿಯಿತು. 619 ಟೆಸ್ಟ್ ವಿಕೆಟ್ ತೆಗೆದ ಮನುಷ್ಯ ಅಷ್ಟಕ್ಕೇ ತೃಪ್ತಿಪಟ್ಟುಕೊಂಡರು. ದ್ರಾವಿಡ್ ಅಪ್ಪ ಜಾಮ್ ಕಂಪನಿಯಲ್ಲಿದ್ದರು, ಹಾಗಾಗಿ ಮಗ ಜ್ಯಾಮಿ. ಟೆಸ್ಟ್‌ಗಳಲ್ಲಿ 31,258 ಎಸೆತ ಎದುರಿಸಿದವರಿಗೆ ಸಿಕ್ಕ ದೊಡ್ಡ ಬಿರುದು ಯಾವುದು? ಗೋಡೆ. ನಮ್ಮ ಸರ್ಕಲ್ಲಿನ ಹುಡುಗನನ್ನು ಗೋಡೆ ಅಂದು ನೋಡಿ, ಸಂಜೆಯೊಳಗೆ ನಿಮ್ಮ ಮನೆ ಗೋಡೆ ಇರುವುದಿಲ್ಲ.

ಅಂದಹಾಗೆ, ಕೇಳದೇ ಬಿರುದು ಬಂದರೆ ಏನಾಗುತ್ತದೆ? 2020ರ ಫೆಬ್ರವರಿ ನೆನಪಿದೆ ಅಲ್ವಾ. ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣ ಓಡಿಸಿದರು. 142.5 ಮೀಟರ್, 13.62 ಸೆಕೆಂಡ್. ಯಾರೋ ಕ್ಯಾಲ್ಕುಲೇಟರ್ ಒತ್ತಿದರು, ನೂರು ಮೀಟರಿಗೆ 9.55 ಬಂತು. ಬೋಲ್ಟ್ ದಾಖಲೆ 9.58. ಬೆಳಗಾಗುವಷ್ಟರಲ್ಲಿ ಕೆಸರುಗದ್ದೆಯಲ್ಲಿ ಭಾರತದ ಉಸೇನ್ ಬೋಲ್ಟ್ ಹುಟ್ಟಿದ್ದ. ಕೇಂದ್ರ ಕ್ರೀಡಾ ಸಚಿವರೇ ಟ್ರಯಲ್‌ಗೆ ಕರೆದರು. ಗೌಡರು ಒಲ್ಲೆ ಎಂದರು. ಆ ವಾರ ಇಡೀ ದೇಶದಲ್ಲಿ ತಲೆ ನೆಟ್ಟಗಿದ್ದವರು ಅವರೊಬ್ಬರೇ ಇರಬೇಕು. ಕೈಯಲ್ಲಿದ್ದ ಹಗ್ಗದ ಆ ತುದಿಯಲ್ಲಿ ಎರಡು ಕೋಣ, ಎಂಟು ಕಾಲು ಓಡುತ್ತಿದ್ದದ್ದು ಅವರಿಗೆ ಗೊತ್ತಿತ್ತು. ಕೋಣಗಳನ್ನು ಮಾತ್ರ ಯಾರೂ ಟ್ರಯಲ್‌ಗೆ ಕರೆಯಲಿಲ್ಲ.

ಇಷ್ಟರವರೆಗೆ ನಗಬಹುದು. ಸೂರಣಗಿ ನೆನಪಾದರೆ ನಗು ಬರುವುದಿಲ್ಲ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಆ ಊರಿನಲ್ಲಿ ಯಶ್ ಹುಟ್ಟುಹಬ್ಬದ ಕಟೌಟ್ ನಿಲ್ಲಿಸಲು ಹೋದ ಮೂವರು ಹುಡುಗರು ಕರೆಂಟ್ ತಗುಲಿ ಸತ್ತರು. ಯಶ್ ಊರಿಗೇ ಹೋಗಿ, ಹೀಗೆಲ್ಲ ಮಾಡಬೇಡಿ ಎಂದು ಕೇಳಿಕೊಂಡರು. ಯಾರ ಕಿವಿಗೆ ಬಿತ್ತು? ನಮ್ಮ ಸರ್ಕಲ್ಲಿನ ಫ್ಲೆಕ್ಸನ್ನು ಕಟ್ಟಿರುವುದೂ ಕರೆಂಟ್ ಕಂಬಕ್ಕೇ, ಬೈಂಡಿಂಗ್ ವೈರಿನಲ್ಲಿ. ಕಂಬ ಹತ್ತಿದ ಹುಡುಗ ಆ ಇಪ್ಪತ್ತಾರು ಮುಖಗಳಲ್ಲಿ ಇಲ್ಲ. ನಗರದಲ್ಲಿ ಫ್ಲೆಕ್ಸ್ ನಿಷೇಧ ಆಗಿ ವರ್ಷಗಳಾದವು. ನಿಷೇಧ ಮಾಡಿದವರೂ ಇದೇ ರಸ್ತೆಯಲ್ಲೇ ಓಡಾಡುತ್ತಾರೆ. ಬರೆದೂ ಬರೆದೂ ಸಾಕಾಗಿದೆ.

ಇಷ್ಟು ಬರೆದಿಟ್ಟ ಮೇಲೆ, ನಿನ್ನೆ ರಾತ್ರಿ ಗಾಳಿಮಳೆಗೆ ಆ ಫ್ಲೆಕ್ಸು ಕಿತ್ತು ಬಿತ್ತು. ಬೆಳಿಗ್ಗೆ ನೋಡಿದರೆ ಸೊಪ್ಪಿನಮ್ಮನ ಗಾಡಿ ಮೇಲೆ ತಲೆಕೆಳಗಾಗಿ ಹೊದಿಸಿದೆ, ಸ್ಟಾರ್ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿದೆ.

"ಒಳ್ಳೆ ಗಟ್ಟಿ ಐತೆ ಸಾಮಿ, ಒಂಚೂರೂ ಸೋರಲ್ಲ" ಎಂದಳು. "ಯಾರೋ ಪುಣ್ಯಾತ್ಮ."