ವಾಷಿಂಗ್ಟನ್ ದಿನಚರಿ ಮತ್ತು ನಮ್ಮ ಭಾವನ ಫಾರ್ವರ್ಡ್

ನಮ್ಮ ಭಾವ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದ್ದಾರೆ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸೂರ್ಯ ಹುಟ್ಟುವ ಹೊತ್ತಿಗೆ ಏಳುತ್ತಿದ್ದರಂತೆ, ಅದಕ್ಕೇ ಅಷ್ಟು ದೊಡ್ಡ ಮನುಷ್ಯ ಆದರಂತೆ. ನಾವೂ ಕಲಿಯಬೇಕಂತೆ.

ಎದ್ದಿದ್ದು ನಿಜ. ಪೊಟೋಮ್ಯಾಕ್ ನದಿ ದಂಡೆಯ ಮೌಂಟ್ ವರ್ನನ್‌ನಲ್ಲಿ ಅವರಿಗೆ ಐದು ತೋಟಗಳಿದ್ದವು, ಹೆಚ್ಚೂ ಕಡಿಮೆ 8,000 ಎಕರೆ. ಬೆಳಿಗ್ಗೆ ಮೆಕ್ಕೆಜೋಳದ ಹಿಟ್ಟಿನ ಹೋಕೇಕ್, ಅಂದರೆ ಒಂಥರಾ ದಪ್ಪ ರೊಟ್ಟಿ. ಅದರ ಮೇಲೆ ಬೆಣ್ಣೆ, ಜೇನುತುಪ್ಪ ಸುರಿದು ತಿನ್ನುತ್ತಿದ್ದರು. ಹಲ್ಲು ಕೆಟ್ಟಿದ್ದವಲ್ಲ, ಮೆತ್ತಗಿದ್ದರೇ ಸುಖ. ಆಮೇಲೆ ಕುದುರೆ ಹತ್ತಿ ತೋಟ ಸುತ್ತಿ, ಮೂರು ಗಂಟೆಗೆ ಊಟ. ಊಟಕ್ಕೆ ದಿನಾ ನೆಂಟರು. ಮನೆ ಛತ್ರದ ಹಾಗಾಗಿದೆ ಅಂತ ತಾಯಿಗೇ ಪತ್ರ ಬರೆದಿದ್ದರು.

ನನಗೆ ಇಷ್ಟವಾಗುವುದು ಅವರ ಲೆಕ್ಕದ ಹುಚ್ಚು. ಇಸ್ಪೀಟಿನಲ್ಲಿ ಗೆದ್ದಿದ್ದೂ ಸೋತಿದ್ದೂ ಬರೆದಿಡುತ್ತಿದ್ದರು. 1768ರ ಡೈರಿಗೆ ಅವರು ಕೊಟ್ಟ ತಲೆಬರಹ, 'ನನ್ನ ಸಮಯ ಎಲ್ಲಿ, ಹೇಗೆ ಕಳೆಯಿತು'. ಜನವರಿ 1ರಂದು ನರಿ ಬೇಟೆಗೆ ಹೋಗಿದ್ದರು. ಏನೂ ಸಿಗಲಿಲ್ಲ ಅಂತಲೂ ಬರೆದಿದ್ದಾರೆ! ಇಂಥ ಪ್ರಾಮಾಣಿಕತೆ ನಮ್ಮ ಸ್ಟೇಟಸ್‌ಗಳಲ್ಲಿ ಇರಲ್ಲ ಅಲ್ವಾ?

ಫಾರ್ವರ್ಡ್ ಇಲ್ಲಿಗೇ ನಿಲ್ಲುತ್ತದೆ. ನನ್ನ ತಕರಾರು ಶುರುವಾಗುವುದೂ ಇಲ್ಲೇ.

ಅದೇ 1768ರಲ್ಲಿ ವಾಷಿಂಗ್ಟನ್ 61 ಪೌಂಡ್ 15 ಶಿಲ್ಲಿಂಗ್ ಕೊಟ್ಟು ವಿಲಿಯಂ ಲೀ ಎಂಬ ಹುಡುಗನನ್ನು ಗುಲಾಮನಾಗಿ ಕೊಂಡರು. ಬೇಟೆಯಲ್ಲಿ ನಾಯಿಗಳ ಹಿಂದೆ ಪೊದೆ, ಹಳ್ಳ ನೋಡದೆ ಕುದುರೆ ಓಡಿಸುತ್ತಿದ್ದವನು ಅವನೇ. ಇಡೀ ಸ್ವಾತಂತ್ರ್ಯ ಯುದ್ಧದಲ್ಲಿ ಯಜಮಾನರ ಪಕ್ಕದಲ್ಲೇ ಇದ್ದ. ಆಮೇಲೆ ಬಿದ್ದು ಎರಡೂ ಮಂಡಿ ಹೋದವು. ಕೊನೆಗೆ ಕೂತಲ್ಲೇ ಚಪ್ಪಲಿ ಹೊಲಿಯುವ ಕೆಲಸ.

1799ರಲ್ಲಿ ಮೌಂಟ್ ವರ್ನನ್‌ನಲ್ಲಿದ್ದ ಗುಲಾಮರು 317 ಜನ. ಅವರೂ ಬೆಳಕು ಹರಿಯುವ ಮುಂಚೆಯೇ ಏಳುತ್ತಿದ್ದರು. ಕತ್ತಲಾಗುವ ತನಕ ದುಡಿಯುತ್ತಿದ್ದರು. ಬಿಡುವು ಅಂದರೆ ಭಾನುವಾರ. ಬೇಗ ಎದ್ದರೆ ದೊಡ್ಡವರಾಗುವುದಾದರೆ ಅವರೆಲ್ಲ ಅಧ್ಯಕ್ಷರಾಗಬೇಕಿತ್ತು. ಹೆಸರುವಾಸಿ ಅಡುಗೆಯವ ಹರ್ಕ್ಯುಲಿಸ್‌ನನ್ನೂ ಕೊನೆಗೆ ಕಲ್ಲು ಒಡೆಯಲು, ಮಣ್ಣು ಅಗೆಯಲು ಹಾಕಿದ್ದರು. 1797ರ ಫೆಬ್ರವರಿ 22ಕ್ಕೆ ಅವನು ಪರಾರಿಯಾದ. ಅವತ್ತು ವಾಷಿಂಗ್ಟನ್‌ಗೆ 65 ತುಂಬಿತ್ತು.

ಉಯಿಲಿನಲ್ಲಿ ತಮ್ಮ ಸ್ವಂತ 123 ಗುಲಾಮರ ಬಿಡುಗಡೆಗೆ ಬರೆದಿದ್ದರು, ಹೆಂಡತಿ ಸತ್ತ ಮೇಲೆ ಅಂತ. ತಕ್ಷಣ ಬಿಡುಗಡೆ ಸಿಕ್ಕಿದ್ದು ಲೀ ಒಬ್ಬನಿಗೇ, ಜೊತೆಗೆ ವರ್ಷಕ್ಕೆ 30 ಡಾಲರ್. ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ಅವನನ್ನು ಕೊಂಡು 30 ವರ್ಷದ ಮೇಲಾಗಿತ್ತು, ಮಂಡಿಗಳೂ ಹೋಗಿದ್ದವು.

ಇಷ್ಟನ್ನೂ ಗ್ರೂಪಿನಲ್ಲಿ ಬರೆದೆ. ಭಾವನ ಉತ್ತರ ಒಂದೇ ಸಾಲು: 'ಅದೆಲ್ಲ ಸರಿ, ನೀನು ನಾಳೆ ಎಷ್ಟು ಗಂಟೆಗೆ ಏಳ್ತೀಯಾ?'